ಗವಿಯ ಕಲ್ಲಿನಿಂದ ನಮ್ಮ ಭಾಗದ ಹಳೇ ಬರಗಾಲ ತಿಳಿಯಬಹುದಾ?

ಹುನಗುಂದ ಮೇಷ್ಟ್ರು | ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸುಣ್ಣದಕಲ್ಲಿನ ಗವಿಗಳಲ್ಲಿ ಹನಿ ಬಿದ್ದು ಬಿದ್ದು ಬೆಳೆಯುವ ಕಂಬಗಳನ್ನು ಕೊಯ್ದು, ಪದರ ಪದರವಾಗಿ ಪರೀಕ್ಷೆ ಮಾಡಿ, ಸಾವಿರಾರು ವರ್ಷದ ಹಿಂದೆ ಮಳೆ ಹೇಗಿತ್ತು ಅಂತ ಹೇಳುತ್ತಾರೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹತ್ತನೇ ಕ್ಲಾಸಿನ ಹುಡುಗಿ, "ಹಂಗಾದ್ರ ಬಾದಾಮಿ ಗುಹೆಯಿಂದ ಪುಲಕೇಶಿ ಕಾಲದ ಮಳಿ ಹೇಳಬಹುದೇನ್ರಿ ಸರ್?" ಅಂತ ಕೇಳಿದಳು. ಆಗಲ್ಲ ಅಂತ ಗೊತ್ತು. ಆದರೆ ಯಾಕೆ ಆಗಲ್ಲ, ಮತ್ತೆ ನಮ್ಮ ಕಡೆಗೆ ಉತ್ತರ ಕೊಡುವ ಗವಿ ಯಾವುದು ಅನ್ನೋದನ್ನು ಅವಳಿಗೆ ಸರಿಯಾಗಿ ಹೇಳಬೇಕು.

ಇನ್ನೊಂದು. ದುರ್ಗಾದೇವಿ ಬರ, ಡೋಗಿ ಬರ ಅಂತ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆಗ ವರ್ಷಗಟ್ಟಲೆ ಮಳೆ ನಿಜವಾಗಿಯೂ ಕೈಕೊಟ್ಟಿತ್ತಾ? ಕಲ್ಲಿನ ಸಾಕ್ಷಿ ಏನಾದರೂ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಬಾದಾಮಿ ಹುಡುಗ | ಬಾದಾಮಿ

ಮಳೆಗಾಲದಲ್ಲಿ ನಮ್ಮ ಗುಡ್ಡದಲ್ಲಿ ಅಲ್ಲಲ್ಲಿ ನೀರು ಜಿನುಗುತ್ತೆ ಸರ್, ಬಂಡೆ ಮೇಲೆ ಬಿಳಿ ಕಲೆನೂ ಬೀಳುತ್ತೆ. ಅದನ್ನೇ ಕೆರೆದು ಪರೀಕ್ಷೆ ಮಾಡಿದರೆ ಆಗಲ್ವಾ?

ಕಲ್ಲುಮಣ್ಣು | ಬೆಳಗಾವಿ

ಆಗಲ್ಲ ತಮ್ಮಾ. ನಾನು ಭೂವಿಜ್ಞಾನ ಓದಿದವನು, ಬಾದಾಮಿ ಕಲ್ಲು ಚೆನ್ನಾಗಿ ಗೊತ್ತು. ಅದು ಮರಳುಗಲ್ಲು. ಅದರಲ್ಲಿ ಬಹುಪಾಲು ಸಿಲಿಕಾ, ಮಳೆನೀರಿಗೆ ಸುಲಭಕ್ಕೆ ಕರಗಲ್ಲ. ಮೇಲಾಗಿ ಆ ನಾಲ್ಕೂ ಗುಹೆಗಳು ಉಳಿ ಹಿಡಿದು ಕೊರೆದವು. ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವೇ ಇದೆ, ಕ್ರಿ.ಶ. 578ರದ್ದು. ಅಲ್ಲಿ ಓದಬೇಕಾದ್ದು ಶಾಸನ, ಕಲ್ಲಿನ ಪದರ ಅಲ್ಲ.

ಮಳೆಯ ಲೆಕ್ಕ ಬೇಕು ಅಂದ್ರೆ ಸುಣ್ಣದಕಲ್ಲಿನ ಗವಿಯೇ ಆಗಬೇಕು. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಬೇರು, ಹುಳಹುಪ್ಪಟೆ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತೆ. ಆ ನೀರು ಸುಣ್ಣದಕಲ್ಲನ್ನು ಕರಗಿಸಿಕೊಂಡು ಬಿರುಕುಗಳಲ್ಲಿ ಇಳಿದು ಗವಿಯ ಮೇಲ್ಛಾವಣಿಗೆ ಬರುತ್ತೆ. ಗವಿಯ ಗಾಳಿಗೆ ಸಿಕ್ಕ ತಕ್ಷಣ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ, ಸುಣ್ಣದ ಅಂಶ ಕಲ್ಲಾಗಿ ಕೂರುತ್ತೆ. ಮೇಲಿಂದ ಇಳಿಯೋದು ಸ್ಟ್ಯಾಲಕ್ಟೈಟ್, ನೆಲದಿಂದ ಏಳೋದು ಸ್ಟ್ಯಾಲಗ್ಮೈಟ್. ಅಧ್ಯಯನಕ್ಕೆ ನೆಲದಿಂದ ಎದ್ದದ್ದೇ ಒಳ್ಳೆಯದು. ಅದು ನೇರವಾಗಿ ಬೆಳೆಯುತ್ತೆ, ಪದರಗಳು ಒಂದರ ಮೇಲೊಂದು ಕ್ರಮವಾಗಿ ಕೂತಿರುತ್ತವೆ. ಬೆಳವಣಿಗೆ ಬಹಳ ನಿಧಾನ. ಹಲವು ಕಡೆ ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಷ್ಟೇ.

ಇಳಕಲ್ ಅಕ್ಕ | ಬಾಗಲಕೋಟೆ

ಕಲ್ಲುಮಣ್ಣು ಸರ್, ನಮ್ಮ ಬೋರಿನ ಸವಳು ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚಿಪ್ಪು ಚಿಪ್ಪಾಗಿ ಏಳುತ್ತೆ. ಮುರಿದ ಅಂಚನ್ನು ಬಿಸಿಲಿಗೆ ಹಿಡಿದರೆ ಸಣ್ಣ ಗೆರೆಗಳು ಕಾಣುತ್ತವೆ, ಒಂದು ಬಿಳಿ, ಒಂದು ಮಣ್ಣಿನ ಬಣ್ಣ. ಗವಿಯಲ್ಲಿ ಆಗೋದೂ ಇದೇನಾ?

ಕಲ್ಲುಮಣ್ಣು | ಬೆಳಗಾವಿ

ಬಹುಪಾಲು ಅದೇ ವಸ್ತು ಅಕ್ಕಾರೆ, ಕ್ಯಾಲ್ಸಿಯಂ ಕಾರ್ಬೊನೇಟ್. ಹಂಡೆಯಲ್ಲಿ ಬೆಂಕಿಯ ಬಿಸಿಗೆ ಕಾರ್ಬನ್ ಡೈಆಕ್ಸೈಡ್ ಹೋಗುತ್ತೆ, ಗವಿಯಲ್ಲಿ ಬಿಸಿ ಬೇಕಾಗಲ್ಲ. ನಿಮ್ಮ ಹಂಡೆಯ ಮಣ್ಣುಬಣ್ಣದ ಗೆರೆ ಕದಡಿದ ನೀರು ಬಂದ ಕಾಲದ್ದು ಇರಬಹುದು. ಮೇಷ್ಟ್ರೇ, ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆಯ ಸಾಮಾನು ಬೇಡ. ಒಂದು ಚಿಪ್ಪಿನ ಮೇಲೆ ಲಿಂಬೆಹುಳಿ ಹಿಂಡಲಿ, ಬುಸುಬುಸು ನೊರೆ ಬರುತ್ತೆ. ಬಾದಾಮಿ ಕಲ್ಲಿನ ಚೂರಿನ ಮೇಲೂ ಹಿಂಡಲಿ, ಸಾಮಾನ್ಯವಾಗಿ ಏನೂ ಆಗಲ್ಲ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಡೋಣಿ ದಂಡೆ | ವಿಜಯಪುರ

ಕಲ್ಲು ಬೆಳೆಯೋದು ತಿಳಿಯಿತು. ಅದರಲ್ಲಿ ಮಳೆ ಎಲ್ಲಿ ಬರೆದಿರುತ್ತೆ? ಪದರ ದಪ್ಪ ಇದ್ದರೆ ಮಳೆ ಜಾಸ್ತಿ, ತೆಳ್ಳಗಿದ್ದರೆ ಕಡಿಮೆ, ಅಷ್ಟೇನಾ?

ಕಲ್ಲುಮಣ್ಣು | ಬೆಳಗಾವಿ

ಅಷ್ಟೇ ಅಲ್ಲ ಕಾಕಾರೆ. ದಪ್ಪ ನೋಡಿ ಹೇಳೋಕೆ ಹೋದರೆ ಮೋಸ ಹೋಗಬಹುದು. ಮುಖ್ಯ ಸುಳಿವು ಆಕ್ಸಿಜನ್. ನೀರಿನಲ್ಲಿರೋ ಆಕ್ಸಿಜನ್ನಿನಲ್ಲಿ ಹಗುರದ್ದು ಇದೆ, 16. ಭಾರದ್ದೂ ಇದೆ, 18. ಭಾರದ್ದು ಸುಮಾರು 500ಕ್ಕೆ ಒಂದು. ಮೋಡ ಮಳೆ ಸುರಿಸುವಾಗ ಭಾರದ ಆಕ್ಸಿಜನ್ ಇರುವ ನೀರು ಮೊದಲು ಕೆಳಗೆ ಬೀಳುತ್ತೆ. ಮಳೆ ಜೋರಾಗಿ ಸುರಿಯುತ್ತಾ ಹೋದಂತೆ ಆಮೇಲೆ ಬೀಳುವ ನೀರಲ್ಲಿ 18 ಕಡಿಮೆ ಆಗುತ್ತಾ ಬರುತ್ತೆ. ಅಂದ್ರೆ ನಮ್ಮಂಥ ಮಾನ್ಸೂನ್ ಸೀಮೆಯಲ್ಲಿ, ಮಳೆ ಚೆನ್ನಾಗಿ ಆದ ಕಾಲದ ಪದರದಲ್ಲಿ 18ರ ಪಾಲು ಕಡಿಮೆ, ಬರದ ಕಾಲದ ಪದರದಲ್ಲಿ ಜಾಸ್ತಿ. ಸ್ಟ್ಯಾಲಗ್ಮೈಟನ್ನು ಉದ್ದಕ್ಕೆ ಸೀಳಿ, ನಡುಗೆರೆಯಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ ಡ್ರಿಲ್ ಹಾಕಿ ಪುಡಿ ತೆಗೆಯುತ್ತಾರೆ. ಒಂದೊಂದು ಚಿಟಿಕೆ ಪುಡಿಯನ್ನೂ ಮಾಸ್ ಸ್ಪೆಕ್ಟ್ರೊಮೀಟರ್ ಅನ್ನೋ, ಹಗುರದ್ದು ಭಾರದ್ದು ಬೇರ್ಪಡಿಸುವ ಯಂತ್ರಕ್ಕೆ ಹಾಕಿ ಅಳೆಯುತ್ತಾರೆ.

ವರ್ಷ ಗೊತ್ತಾಗೋದು ಯುರೇನಿಯಂನಿಂದ. ಯುರೇನಿಯಂ ನೀರಿನಲ್ಲಿ ಕರಗುತ್ತೆ, ಥೋರಿಯಂ ಕರಗಲ್ಲ. ಹಾಗಾಗಿ ಹೊಸದಾಗಿ ಕೂತ ಪದರದಲ್ಲಿ ಯುರೇನಿಯಂ ಇರುತ್ತೆ, ಥೋರಿಯಂ ಹೆಚ್ಚುಕಡಿಮೆ ಇರೋದೇ ಇಲ್ಲ. ಕಾಲ ಕಳೆದಂತೆ ಯುರೇನಿಯಂ 234 ಒಡೆದು ಥೋರಿಯಂ 230 ಆಗುತ್ತೆ. ಎಷ್ಟು ಥೋರಿಯಂ ಕೂಡಿದೆ ಅಂತ ಅಳೆದರೆ ವಯಸ್ಸು ಬಂತು. ಚೀನಾದ ಸಾನ್‌ಬಾವೊ ಗವಿಯ ಕಲ್ಲುಗಳಿಂದ ಹೀಗೆ 6,40,000 ವರ್ಷದವರೆಗಿನ ಮಾನ್ಸೂನ್ ಕಥೆ ತೆಗೆದಿದ್ದಾರೆ.

ಟಿಳಕವಾಡಿ ಸುಮಾ | ಬೆಳಗಾವಿ

ಸರ್, ವಯಸ್ಸಿಗೆ ಕಾರ್ಬನ್ 14 ಉಪಯೋಗಿಸಲ್ವಾ? ನಾವು ಪಿಯುಸಿಯಲ್ಲಿ ಅದನ್ನೇ ಓದಿದ್ದು.

ಕಲ್ಲುಮಣ್ಣು | ಬೆಳಗಾವಿ

ಗವಿ ಕಲ್ಲಿಗೆ ಅದು ಅಷ್ಟು ಹೊಂದಲ್ಲ. ಕಲ್ಲಿನಲ್ಲಿರೋ ಕಾರ್ಬನ್ನಿನ ಒಂದು ಪಾಲು ಕೋಟ್ಯಂತರ ವರ್ಷ ಹಳೆಯ ಸುಣ್ಣದಕಲ್ಲಿನಿಂದಲೇ ಕರಗಿ ಬಂದಿರುತ್ತೆ, ಅದರಲ್ಲಿದ್ದ 14 ಎಂದೋ ಒಡೆದು ಹೋಗಿ ಉಳಿದೇ ಇಲ್ಲ. ಹಾಗಾಗಿ ವಯಸ್ಸು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. 50,000 ವರ್ಷದ ಆಚೆಗೆ ಅದು ಕೆಲಸಕ್ಕೂ ಬರಲ್ಲ. ಆದರೆ ನೋಡಿ, ಚೀನಾದ ಹುಲು ಗವಿಯ ಕಲ್ಲುಗಳನ್ನು ಎರಡೂ ರೀತಿಯಲ್ಲಿ ಅಳೆದು, ಕಾರ್ಬನ್ 14ರ ಲೆಕ್ಕವನ್ನು ನಿಜವಾದ ವರ್ಷಕ್ಕೆ ಹೊಂದಿಸಲು ಜಗತ್ತಿನವರೆಲ್ಲ ಬಳಸುವ ಪಟ್ಟಿಯನ್ನೇ ತಿದ್ದಿಕೊಂಡಿದ್ದಾರೆ.

ಉಳವಿ ಚಕ್ಕಡಿ | ಬೈಲಹೊಂಗಲ

ಇಷ್ಟೆಲ್ಲ ಚೀನಾ ಮಾತು ಬಂತು. ನಮ್ಮ ಆಕಳ ಗವಿ ಹೆಸರು ಯಾರೂ ಎತ್ತಲಿಲ್ಲವಲ್ಲ! ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಉಳವಿ ಚನ್ನಬಸವಣ್ಣನ ಜಾತ್ರೆಗೆ ಹೋಗುವ ನಮ್ಮವರು ಎಷ್ಟೋ ಜನ ಆ ಗವಿ ನೋಡಿ ಬರುತ್ತಾರೆ. ಅಲ್ಲಿ ಯಾರೋ ವಿಜ್ಞಾನಿಗಳು ಸಂಶೋಧನೆ ಮಾಡಿದ್ದಾರೆ ಅಂತ ಕೇಳಿದ್ದೆ.

ಕಲ್ಲುಮಣ್ಣು | ಬೆಳಗಾವಿ

ಒಳ್ಳೆ ಮಾತು ತಂದಿರಿ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ಯಾದವ, ರಮೇಶ್ ಮತ್ತು ಅವರ ಜೊತೆ ಪಂತ್ ಉತ್ತರ ಕನ್ನಡದ ಆಕಳಗವಿಯ ಕಲ್ಲಿನ ಮೇಲೆ ಕೆಲಸ ಮಾಡಿ 2004ರಲ್ಲಿ ಪ್ರಕಟಿಸಿದರು. 331 ವರ್ಷದ ಲೆಕ್ಕ ಸಿಕ್ಕಿತು. ಅಂದ್ರೆ 17ನೇ ಶತಮಾನದ ನಡುವಿನಿಂದ ಈಚೆಗೆ. ಆ ಕಲ್ಲಿನ ವಿಶೇಷ ಏನಂದ್ರೆ ವರ್ಷಕ್ಕೊಂದು ಪದರ ಎಣಿಸೋಕೆ ಬರುತ್ತಿತ್ತು. ಕರ್ನಾಟಕದ ನೆಲದಲ್ಲಿ ಆದ ಇಂಥ ಕೆಲಸವನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳದೇ ಇರೋದು ನನಗೆ ಬೇಜಾರಿನ ಸಂಗತಿ.

ಡೋಣಿ ದಂಡೆ | ವಿಜಯಪುರ

ನಾನು ಇಲ್ಲಿ ತಕರಾರು ಎತ್ತಲೇಬೇಕು. ಉಳವಿ ಅಂದ್ರೆ ಘಟ್ಟ. ಮಳೆಗಾಲದಲ್ಲಿ ಕೊಡೆ ಮಡಚೋಕೆ ಬಿಡಲ್ಲ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಅರ್ಧಕ್ಕರ್ಧ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್, ಜುಲೈನಲ್ಲಿ ಘಟ್ಟದಲ್ಲಿ ಹೊಡೆದು ಸುರಿಯುವಾಗ ನಾವು ಇಲ್ಲಿ ಒಣ ಗಾಳಿ ತಿನ್ನುತ್ತಾ ಕೂತಿರುತ್ತೇವೆ. ಹೀಗಿರುವಾಗ ಆಕಳ ಗವಿಯ ಕಲ್ಲು ವಿಜಯಪುರದ ಬರ ಹೇಗೆ ಹೇಳುತ್ತೆ? ನಮ್ಮ ಡೋಣಿ ಹೊಳೆಯ ಮಾತು ಡೋಣಿಗೇ ಗೊತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಸುಮ್ನೆ ಹೇಳಲಿಲ್ಲ ಹಿರಿಯರು.

ಕಲಾದಗಿ ಚಿಕ್ಕು | ಬಾಗಲಕೋಟೆ

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ.

ಬಾದಾಮಿ ಹುಡುಗ | ಬಾದಾಮಿ

ಆದರೆ ಮಾನ್ಸೂನ್ ಪೂರ್ತಿ ಕೈಕೊಟ್ಟ ವರ್ಷ ಘಟ್ಟಕ್ಕೂ ಕಡಿಮೆ, ನಮಗೂ ಕಡಿಮೆ ಅಲ್ವಾ? 1972ರಲ್ಲಿ ಎಲ್ಲ ಕಡೆ ಬರ ಇತ್ತು ಅಂತಾರೆ.

ಕಲ್ಲುಮಣ್ಣು | ಬೆಳಗಾವಿ

ಡೋಣಿ ಕಾಕಾ ಎತ್ತಿದ್ದು ಗಟ್ಟಿ ತಕರಾರು. ಸಂಶೋಧಕರೂ ಇದೇ ವಿಷಯಕ್ಕೆ ಜಗಳ ಆಡುತ್ತಾರೆ. ಇನ್ನೊಂದು ತೊಡಕೂ ಇದೆ. ಹಿಂಗಾರಿಗೆ ನಮ್ಮಲ್ಲಿಗೆ ಬರೋದು ಬಹಳಷ್ಟು ಬಂಗಾಳ ಕೊಲ್ಲಿಯ ತೇವ. ಘಟ್ಟಕ್ಕೆ ಅರಬ್ಬಿ ಸಮುದ್ರದ್ದು. ಎರಡರ ಆಕ್ಸಿಜನ್ ಗುರುತು ಒಂದೇ ಅಲ್ಲ. ಹಾಗಾಗಿ ಕಲ್ಲಿನಲ್ಲಿ 18 ಜಾಸ್ತಿ ಕಂಡರೆ, ಮಳೆ ಕಡಿಮೆ ಆಯಿತಾ ಅಥವಾ ಮಳೆ ಬರುವ ದಿಕ್ಕು ಬದಲಾಯಿತಾ ಅಂತ ಕೇಳಬೇಕಾಗುತ್ತೆ.

ಆದ್ದರಿಂದ ಆಕಳಗವಿಯನ್ನು ಹಿಡಿದು ಇಂಡಿ ತಾಲ್ಲೂಕಿನ ಇಂಥ ವರ್ಷದ ಬೆಳೆ ಹೇಳೋಕೆ ಹೋಗಬಾರದು. ಆದರೆ ಬಾದಾಮಿ ತಮ್ಮ ಹೇಳಿದ್ದೂ ಸರಿ ಇದೆ. ಇಡೀ ಮಾನ್ಸೂನ್ ಸೋತ ಕಾಲ, ಅದೂ ಹತ್ತಿಪ್ಪತ್ತು ವರ್ಷ ಸೋತ ಕಾಲ, ದೂರದ ಗವಿಗಳಲ್ಲೂ ಗುರುತು ಬಿಡುತ್ತೆ. ಅದಕ್ಕೇ ಒಂದು ಗವಿ ಸಾಲದು, ನಾಲ್ಕು ಕಡೆಯ ಗವಿಗಳು ಒಂದೇ ಮಾತು ಹೇಳಬೇಕು.

ಮೇಷ್ಟ್ರೇ, ನಿಮ್ಮ ಹುಡುಗಿಗೆ ಖುಷಿ ಆಗುವ ಸುದ್ದಿ ಇದೆ. ಛತ್ತೀಸಗಢದ ಬಸ್ತರ್ ಸೀಮೆಯ ಕಾಂಗೇರ್ ಕಣಿವೆಯಲ್ಲಿ ದಂಡಕ ಗವಿ ಇದೆ. ಅಲ್ಲಿನ ಸ್ಟ್ಯಾಲಗ್ಮೈಟಿನಿಂದ ಕ್ರಿ.ಶ. 600ರಿಂದ 1500ರವರೆಗೆ 900 ವರ್ಷದ ಮಾನ್ಸೂನ್ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದ್ದಾರೆ. ಇಮ್ಮಡಿ ಪುಲಕೇಶಿ ಆಳಿದ್ದು 7ನೇ ಶತಮಾನದ ಮೊದಲರ್ಧ, ಅಂದ್ರೆ ಆ ಲೆಕ್ಕದ ಮೊದಲ ಪುಟಗಳಲ್ಲೇ. ಬಾದಾಮಿಯ ಗುಹೆ ಹೇಳದ್ದನ್ನು ಬಸ್ತರಿನ ಗವಿ ಸ್ವಲ್ಪ ಮಟ್ಟಿಗೆ ಹೇಳುತ್ತೆ.

ಹುನಗುಂದ ಮೇಷ್ಟ್ರು | ಬಾಗಲಕೋಟೆ

ಇದು ಬಹಳ ಚೆನ್ನಾಗಿದೆ! ಹಾಗಾದರೆ ದುರ್ಗಾದೇವಿ ಬರವೂ ಅದರಲ್ಲಿ ಇರಬೇಕಲ್ಲ? 1396ರಿಂದ ಶುರು, ಹನ್ನೆರಡು ವರ್ಷ ಮಳೆ ಇಲ್ಲ ಅಂತ ಹೇಳಿಕೆ.

ಕಲ್ಲುಮಣ್ಣು | ಬೆಳಗಾವಿ

ಹೌದು. 14ನೇ ಶತಮಾನದಲ್ಲಿ ಮತ್ತು 15ನೇ ಶತಮಾನದ ಮಧ್ಯಭಾಗದಲ್ಲಿ ಮಾನ್ಸೂನ್ ದಶಕಗಟ್ಟಲೆ ಸೊರಗಿದ್ದು ದಂಡಕದ ಕಲ್ಲಿನಲ್ಲಿ ಕಾಣುತ್ತೆ. ಆ ಕಾಲದ ದೊಡ್ಡ ಬರಗಾಲಗಳು ಹೆಚ್ಚುಕಡಿಮೆ ಎಲ್ಲವೂ ಈ ಸೊರಗಿದ ಕಾಲದಲ್ಲೇ ಬಂದಿವೆ. ದುರ್ಗಾದೇವಿ ಬರವೂ ಅದರೊಳಗೇ. ಹನ್ನೆರಡು ವರ್ಷ ಒಂದು ಹನಿಯೂ ಬೀಳಲಿಲ್ಲ ಅಂತ ಕಲ್ಲು ಹೇಳಲ್ಲ. ಆದರೆ ಹಿರಿಯರು ಕಟ್ಟುಕಥೆ ಹೇಳಲಿಲ್ಲ ಅಂತ ಹೇಳುತ್ತೆ.

ನಾನು ಈ ಕೆಲಸದ ಬಗ್ಗೆ ಇಷ್ಟು ಒತ್ತಿ ಹೇಳೋದು ಇದಕ್ಕೇ. ನಮ್ಮ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ದೇಶದ ಉದ್ದಕ್ಕೂ ಮಾಪಕ ಇಟ್ಟು ಅಳೆದ ಮಳೆ ಅಂದ್ರೆ ಸುಮಾರು 150 ವರ್ಷದ್ದು. ಅಣೆಕಟ್ಟು, ಕಾಲುವೆ, ಯಾವ ನದಿಯಿಂದ ಯಾರಿಗೆ ಎಷ್ಟು ನೀರು ಅನ್ನೋದೆಲ್ಲ ಅದಕ್ಕಿಂತ ಚಿಕ್ಕ ಲೆಕ್ಕದ ಮೇಲೆ ನಿಂತಿದೆ. ಆ 150 ವರ್ಷದಲ್ಲಿ ಕೆಟ್ಟ ವರ್ಷಗಳು ಬಂದಿವೆ, ಆದರೆ 14ನೇ ಶತಮಾನದ ಥರ ದಶಕಗಟ್ಟಲೆ ಸೊರಗಿದ ಕಾಲ ಬಂದಿಲ್ಲ. ಒಮ್ಮೆ ಆಗಿದ್ದು ಮತ್ತೆ ಆಗಲ್ಲ ಅಂತ ಹೇಳೋಕೆ ಆಧಾರ ಏನಿದೆ?

ಗುಮ್ಮಟದ ಮಾತು | ವಿಜಯಪುರ

ಒಂದು ಎಚ್ಚರಿಕೆ ಹೇಳುತ್ತೇನೆ. ಮಳೆ ಇಲ್ಲದ್ದು ಬೇರೆ, ಜನ ಸತ್ತದ್ದು ಬೇರೆ. ಎಲ್ಲ ಪಾಪವನ್ನೂ ಮೋಡದ ತಲೆಗೆ ಕಟ್ಟಬೇಡಿ. 1876ರಿಂದ 78ರ ಬರದಲ್ಲಿ ನಮ್ಮ ಭಾಗ, ಆಗಿನ ಕಲಾದಗಿ ಜಿಲ್ಲೆ, ಮುಂಬೈ ಪ್ರಾಂತದಲ್ಲೇ ಬಹಳ ನೊಂದದ್ದು. ಮಳೆ ಹೋಗಿದ್ದು ನಿಜ. ಆದರೆ ಅದೇ ಹೊತ್ತಿಗೆ ದೇಶದಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದು ಆಣೆ ಕೂಲಿ ಸಾಕು ಅಂತ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಗೊತ್ತು ಮಾಡಿದ. ಧಾನ್ಯ ಅರ್ಧ ಕಿಲೋಗಿಂತ ಕಡಿಮೆ! ಇದು ಯಾವ ಸ್ಟ್ಯಾಲಗ್ಮೈಟಿನಲ್ಲಿ ಬರೆದಿರುತ್ತೆ?

ಗದಗ–ಹೋಟಗಿ ರೈಲು ದಾರಿ, ನಾವು ಇವತ್ತಿಗೂ ಬಾಗಲಕೋಟೆಗೆ ಹೋಗುವ ದಾರಿ, ಬರಗಾಲ ಬಂದರೆ ಧಾನ್ಯ ಸಾಗಿಸಲಿಕ್ಕೆ ಅಂತ ಆ ಮೇಲೆ ಹಾಕಿದ್ದು. ಬರ ಬಂದಾಗ ಆಳುವವರು ಏನು ಮಾಡಿದರು ಅನ್ನೋದರ ಮೇಲೆ ಸಾವು ನೋವು ನಿಂತಿರುತ್ತೆ. ವಿಜಯಪುರದ ಮಟ್ಟಿಗೆ ನೋಡಿ, 1620ರ ತಾಜ್ ಬಾವಡಿ, ತೊರವಿಯಿಂದ ಊರಿಗೆ ನೆಲದೊಳಗೆ ನೀರು ತಂದ ಸುರಂಗ ಬಾವಿ, ಇವೆಲ್ಲ ಇದ್ದವು. ನೀರಿನ ಕಷ್ಟ ಗೊತ್ತಿದ್ದವರು ಕಟ್ಟಿದ್ದು ಅವು.

ಇಳಕಲ್ ಅಕ್ಕ | ಬಾಗಲಕೋಟೆ

ನಮ್ಮ ಅತ್ತೆ 72ರ ಬರ ಹೇಳುತ್ತಾರೆ. ಆಗಷ್ಟೇ ಮದುವೆಯಾಗಿ ಬಂದಿದ್ದರಂತೆ. ಬೆಳಗ್ಗೆ ಎದ್ದು ಬುಟ್ಟಿ ಹಿಡಿದು ಬರಗಾಲ ಕೆಲಸಕ್ಕೆ ಹೋಗೋದು, ಕೆರೆ ಹೂಳು ಹೊರೋದು, ಸಂಜೆ ಸರ್ಕಾರ ಕೊಟ್ಟ ಕೆಂಪು ಜೋಳ ಬೀಸಿ ರೊಟ್ಟಿ ಬಡಿಯೋದು. ಆ ಜೋಳದ ಹಿಟ್ಟು ಜಿಗಿ ಹಿಡಿಯುತ್ತಿರಲಿಲ್ಲ, ರೊಟ್ಟಿ ಒಡೆದು ಹೋಗುತ್ತಿತ್ತು ಅಂತ ಇವತ್ತಿಗೂ ಹೇಳುತ್ತಾರೆ. ಜಾನುವಾರು ಮಾರಿದ ದಿನ ಮಾವ ಊಟ ಮಾಡಲಿಲ್ಲವಂತೆ. ಇಂಥ ಮಾತುಗಳನ್ನೂ ಯಾರಾದರೂ ಬರೆದಿಡಬೇಕು, ಬರೀ ಕಲ್ಲಿನ ಲೆಕ್ಕ ಸಾಲದು.

ಕಲಾದಗಿ ಚಿಕ್ಕು | ಬಾಗಲಕೋಟೆ

ಅಕ್ಕಾ, ನಮ್ಮಜ್ಜಿನೂ ಅದೇ ಕೆಂಪು ಜೋಳದ ಮಾತು ಆಡುತ್ತಿದ್ದಳು. ರೆಕಾರ್ಡ್ ಮಾಡಿ ಇಡಿ, ಫೋನಿನಲ್ಲೇ ಆಗುತ್ತೆ.

ಡೋಣಿ ದಂಡೆ | ವಿಜಯಪುರ

ಗುಮ್ಮಟದವರ ಮಾತಿಗೆ ನಾನೂ ಒಂದು ಸೇರಿಸುತ್ತೇನೆ. ಕಲ್ಲು ವರ್ಷದ ಮಳೆ ಹೇಳಬಹುದು, ರೈತನ ಮಳೆ ಹೇಳಲ್ಲ. ನಮ್ಮ ಎರೆ ಹೊಲಕ್ಕೆ ಬಿತ್ತುವ ಹೊತ್ತಿಗೆ ಉತ್ತರಿ, ಹಸ್ತ ಚೆನ್ನಾಗಿ ಆದರೆ ಬಿಳಿಜೋಳ ಮಂಜಿನ ಮೇಲೇ ಬೆಳೆದು ಬರುತ್ತೆ. ಅದೇ ಮಳೆ ಮೂರು ದಿನದಲ್ಲಿ ಒಟ್ಟಿಗೆ ಸುರಿದರೆ ಒಡ್ಡು ಒಡೆದು ಮಣ್ಣು ಹೋಗುತ್ತೆ, ಬೆಳೆ ಕೈಗೆ ಬರಲ್ಲ. ವರ್ಷದ ಲೆಕ್ಕದಲ್ಲಿ ಎರಡೂ ಒಂದೇ. ಹೊಲದಲ್ಲಿ ಒಂದು ಸುಗ್ಗಿ, ಇನ್ನೊಂದು ಬರ. ಇದಕ್ಕೆ ಏನು ಹೇಳುತ್ತೀರಿ ಕಲ್ಲುಮಣ್ಣು ಸರ್?

ಕಲ್ಲುಮಣ್ಣು | ಬೆಳಗಾವಿ

ಒಪ್ಪಲೇಬೇಕಾದ ಮಾತು. ಮೇಲಿನ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು ಹನಿಯಾಗೋಕೆ ಕೆಲವು ಕಡೆ ತಿಂಗಳು, ಕೆಲವು ಕಡೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮುಂಗಾರಿ ನೀರು, ಹಿಂಗಾರಿ ನೀರು ಬೆರೆತು ಹೋಗಿರುತ್ತೆ. ನಕ್ಷತ್ರದ ಮಳೆ ಕಲ್ಲಿನಲ್ಲಿ ಹುಡುಕೋದು ಕಷ್ಟ. ಬರ ತೀರಾ ಜೋರಾದರೆ ಹನಿಯೇ ನಿಂತು ಹೋಗುತ್ತೆ. ಆಗ ಕಲ್ಲು ಬೆಳೆಯೋದೂ ನಿಲ್ಲುತ್ತೆ, ಅಲ್ಲಿ ಪುಟವೇ ಹರಿದಿರುತ್ತೆ.

ಆದರೆ ಆಕ್ಸಿಜನ್ ಒಂದನ್ನೇ ನೋಡಲ್ಲ. ಬಂಡೆಯೊಳಗೆ ನೀರು ಕಡಿಮೆಯಾದಾಗ ಮೆಗ್ನೀಷಿಯಂ, ಸ್ಟ್ರಾನ್ಷಿಯಂ ಪಾಲು ಏರುತ್ತೆ, ಅದು ಒಣಗಿದ ಕಾಲದ ಇನ್ನೊಂದು ಸುಳಿವು. ಕಾರ್ಬನ್ ನೋಡಿದರೆ ಗವಿಯ ಮೇಲೆ ಕಾಡಿತ್ತಾ ಹುಲ್ಲಿತ್ತಾ ಅಂತ ಅಂದಾಜು ಸಿಗುತ್ತೆ. ನಮ್ಮ ಜೋಳ, ಸಜ್ಜೆ, ಕಬ್ಬು ಇವೆಲ್ಲ ಕಾರ್ಬನ್ ಹಿಡಿಯುವ ರೀತಿಯೇ ಮರಗಿಡಗಳಿಗಿಂತ ಬೇರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು: ಕಲ್ಲಿನ ಹರಳುಗಳ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಲ್ಲಿ ಆಗಿನ ಹನಿ ನೀರೇ ಸಿಕ್ಕಿಬಿದ್ದಿರುತ್ತೆ. ಕಲ್ಲನ್ನು ಪುಡಿಮಾಡಿ, ಕಾಯಿಸಿ, ಆ ನೀರನ್ನೇ ಹಿಡಿದು ಅಳೆಯುತ್ತಾರೆ. ಸಾವಿರಾರು ವರ್ಷದ ಹಿಂದೆ ಬಿದ್ದ ಮಳೆಯ ನೀರು!

ಟಿಳಕವಾಡಿ ಸುಮಾ | ಬೆಳಗಾವಿ

ಇದನ್ನು ಓದಿ ಮೈ ಜುಮ್ಮೆಂದಿತು. ಅಂದ ಹಾಗೆ ಮೇಘಾಲಯದ ಹೆಸರಿನಲ್ಲೇ ಒಂದು ಕಾಲ ಇದೆಯಲ್ಲ? 4,200 ವರ್ಷದ ಹಿಂದಿನ ಬರದಿಂದಲೇ ಹರಪ್ಪಾ ನಾಶ ಆಯಿತು ಅಂತ ಓದಿದ್ದೆ.

ಗುಮ್ಮಟದ ಮಾತು | ವಿಜಯಪುರ

"ನಾಶ ಆಯಿತು" ಅಂತ ಒಂದೇ ಏಟಿಗೆ ಹೇಳೋದು ತಪ್ಪಾಗುತ್ತೆ ತಂಗಿ. ಹರಪ್ಪಾದ ದೊಡ್ಡ ಊರುಗಳು ಖಾಲಿಯಾಗಿದ್ದು ನಿಧಾನಕ್ಕೆ, ಶತಮಾನಗಟ್ಟಲೆ. ಜನ ಪೂರ್ವಕ್ಕೆ, ಸಣ್ಣ ಹಳ್ಳಿಗಳಿಗೆ ಹೋಗಿದ್ದಾರೆ.

ಕಲ್ಲುಮಣ್ಣು | ಬೆಳಗಾವಿ

ಸುಮಾ ಹೇಳಿದ ಆ ಕಾಲದ ಹೆಸರಿನ ಹಿಂದೆ ಇರೋದು ಮೇಘಾಲಯದ ಸೊಹ್ರಾ (ಚಿರಾಪುಂಜಿ) ಹತ್ತಿರದ ಮಾವ್ಮ್ಲೂ ಗವಿ. ಅಲ್ಲಿನ ಒಂದು ಸ್ಟ್ಯಾಲಗ್ಮೈಟಿನಲ್ಲಿ ಸುಮಾರು 4,200 ವರ್ಷದ ಹಿಂದೆ ಮಾನ್ಸೂನ್ ಕುಸಿದ ಗುರುತು ಇದೆ. ಆ ಗುರುತನ್ನೇ ಗಡಿಯಾಗಿಟ್ಟು, ಅಲ್ಲಿಂದ ಇವತ್ತಿನವರೆಗಿನ ಕಾಲಕ್ಕೆ ಮೇಘಾಲಯನ್ ಅಂತ 2018ರಲ್ಲಿ ಅಧಿಕೃತವಾಗಿ ಹೆಸರಿಟ್ಟರು. ಆ ಬರ ಇಡೀ ಜಗತ್ತಿಗೆ ಒಟ್ಟಿಗೆ ಬಂತಾ ಅನ್ನೋ ಬಗ್ಗೆ ಈಗಲೂ ವಾದ ನಡೀತಿದೆ. ಆದರೂ ನಾವೆಲ್ಲ ಬದುಕುತ್ತಿರುವ ಕಾಲದ ಗಡಿಕಲ್ಲು ನಮ್ಮ ದೇಶದ ಗವಿಯದ್ದು ಅನ್ನೋದನ್ನ ಮಕ್ಕಳಿಗೆ ಹೇಳಲೇಬೇಕು ಮೇಷ್ಟ್ರೇ.

ಉಳವಿ ಚಕ್ಕಡಿ | ಬೈಲಹೊಂಗಲ

ನನಗೆ ಒಂದು ವಿಷಯ ಕಾಡುತ್ತಿದೆ. ಸೀಳುತ್ತಾರೆ, ಕೊಯ್ಯುತ್ತಾರೆ ಅಂತ ಸಲೀಸಾಗಿ ಬರೆದಿದ್ದೀರಿ. ದಾಂಡೇಲಿ ಕಡೆಯ ಕವಳಾ ಗುಹೆಯಲ್ಲಿ ಹನಿಯಿಂದ ಮೂಡಿದ ಕಲ್ಲನ್ನೇ ನಾವು ಶಿವಲಿಂಗ ಅಂತ ಪೂಜೆ ಮಾಡುತ್ತೇವೆ. ಶಿವರಾತ್ರಿಗೆ ಎಷ್ಟೊಂದು ಜನ ಸೇರುತ್ತಾರೆ. ನಾಳೆ ಯಾರೋ ಮಳೆ ಲೆಕ್ಕ ಅಂತ ಅದಕ್ಕೆ ಕೈ ಹಾಕಿದರೆ ಒಪ್ಪೋಕೆ ಆಗುತ್ತಾ? ಒಂದು ಗೇಣು ಬೆಳೆಯೋಕೆ ಸಾವಿರಾರು ವರ್ಷ ಬೇಕು ಅಂತ ನೀವೇ ಹೇಳಿದಿರಿ.

ಕಲ್ಲುಮಣ್ಣು | ಬೆಳಗಾವಿ

ಪೂಜೆಯ ಕಲ್ಲಿಗೆ ಕೈ ಹಾಕಬಾರದು, ನನ್ನದೂ ಅದೇ ಮಾತು. ಜವಾಬ್ದಾರಿ ಇರುವ ಸಂಶೋಧಕರು ಮೊದಲು ತಾನಾಗೇ ಮುರಿದು ಬಿದ್ದ ತುಂಡು ಹುಡುಕುತ್ತಾರೆ. ಇಲ್ಲದಿದ್ದರೆ ಸಣ್ಣ ಕೊಳವೆಯಂಥ ಡ್ರಿಲ್ಲಿನಿಂದ ಬೆರಳು ಗಾತ್ರದ ತುಂಡು ತೆಗೆದು ತೂತು ಮುಚ್ಚುತ್ತಾರೆ. ಒಂದು ಗವಿಯಿಂದ ಹತ್ತಾರು ಕಲ್ಲು ಹೊತ್ತುಕೊಂಡು ಹೋಗೋದನ್ನು ಈಗ ಅವರೇ ವಿರೋಧಿಸುತ್ತಾರೆ.

ಆದರೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜನ ಓಡಾಡುವ ಗವಿಗಳಲ್ಲಿ ಹಾಳಾಗೋದು ಜಾಸ್ತಿ ನಮ್ಮ ಕೈಯಿಂದ. ಕೈ ಮುಟ್ಟಿದರೆ ಚರ್ಮದ ಜಿಡ್ಡು ಕಲ್ಲಿಗೆ ಅಂಟುತ್ತೆ, ನೀರು ಅಲ್ಲಿ ಹರಡಲ್ಲ, ಪದರ ಕೂರೋದು ಕೆಡುತ್ತೆ. ಕರ್ಪೂರ, ಊದಿನಕಡ್ಡಿ, ಪಂಜಿನ ಮಸಿ ಕಪ್ಪು ಪದರವಾಗಿ ಕೂರುತ್ತೆ. ಹೆಸರು ಕೆತ್ತುವವರು, ನೆನಪಿಗೆ ಅಂತ ತುದಿ ಮುರಿದು ಜೇಬಿಗೆ ಹಾಕುವವರು ಬೇರೆ.

ಉಳವಿ ಚಕ್ಕಡಿ | ಬೈಲಹೊಂಗಲ

ಭಕ್ತರ ಮೇಲೇ ಹಾಕುತ್ತೀರಾ? ನಮ್ಮ ಹಿರಿಯರು ಆ ಗವಿಗಳನ್ನು ದೇವರ ಜಾಗ ಅಂತ ಬಿಟ್ಟಿದ್ದಕ್ಕೇ ಇವತ್ತು ಕಲ್ಲು ಉಳಿದಿದೆ. ಇಲ್ಲಾಂದ್ರೆ ಸುಣ್ಣದ ಭಟ್ಟಿಗೆ ಹೋಗಿರುತ್ತಿತ್ತು.

ಇಳಕಲ್ ಅಕ್ಕ | ಬಾಗಲಕೋಟೆ

ಇಬ್ಬರೂ ಹೇಳಿದ್ದು ನಿಜ. ದೇವರ ಜಾಗ ಅಂತ ಕಾಪಾಡಿದವರು ಬೇರೆ, ಹೆಸರು ಕೆತ್ತಿ ಫೋಟೊ ತೆಗೆಸಿಕೊಳ್ಳುವವರು ಬೇರೆ. ಜಗಳ ಬೇಡ.

ಕಲ್ಲುಮಣ್ಣು | ಬೆಳಗಾವಿ

ಚಕ್ಕಡಿ ಅಣ್ಣಾರೆ, ಹಿರಿಯರು ಉಳಿಸಿದ್ದು ಸತ್ಯ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಅದಕ್ಕೇ ಈ ಮಾತು ನಮ್ಮ ಬಾಯಿಂದಲ್ಲ, ನಿಮ್ಮಂಥವರ ಬಾಯಿಂದ ಜಾತ್ರೆಯವರಿಗೆ ಮುಟ್ಟಬೇಕು.

ಲೋಕಾಪುರ ಡಂಪರ್ | ಬಾಗಲಕೋಟೆ

ತಡವಾಗಿ ಬಂದೆ. ನಾನು ಸುಣ್ಣದಕಲ್ಲಿನ ಕ್ವಾರಿಯಲ್ಲಿ ಡಂಪರ್ ಓಡಿಸುತ್ತೇನೆ. ಒಮ್ಮೊಮ್ಮೆ ಬ್ಲಾಸ್ಟ್ ಆದ ಮೇಲೆ ಬಂಡೆಯ ಸೀಳಿನಲ್ಲಿ ಬಿಳಿ ಹರಳುಗಳು ಹಲ್ಲಿನ ಸಾಲಿನ ಹಾಗೆ ಕೂತಿರುತ್ತವೆ. ಒಂದು ತುಂಡು ಮನೆಯಲ್ಲಿದೆ. ನಮ್ಮ ಕಲ್ಲಿನಲ್ಲೇ ಗೆರೆ ಗೆರೆಯ ಪದರಗಳೂ ಕಾಣುತ್ತವೆ. ಇದರಿಂದ ಮಳೆ ತಿಳಿಯಲ್ವಾ? ನಮ್ಮ ಜಿಲ್ಲೆಯದೇ ಆಗುತ್ತಲ್ಲ.

ಕಲ್ಲುಮಣ್ಣು | ಬೆಳಗಾವಿ

ಒಳ್ಳೆ ಕಣ್ಣು ನಿಮ್ಮದು. ಆದರೆ ಎರಡೂ ಬೇರೆ ಬೇರೆ. ಲೋಕಾಪುರ, ಕಲಾದಗಿ ಭಾಗದ ಸುಣ್ಣದಕಲ್ಲು 100 ಕೋಟಿ ವರ್ಷಕ್ಕೂ ಹಳೆಯದು, ಸಮುದ್ರದ ತಳದಲ್ಲಿ ಆದದ್ದು. ಅದರಲ್ಲಿ ಬಾಗಿದ ಪದರಗಳು ಕಂಡರೆ ಅವು ಸ್ಟ್ರೊಮ್ಯಾಟೊಲೈಟ್ ಇರಬಹುದು, ಆಗಿನ ಸೂಕ್ಷ್ಮಜೀವಿಗಳು ಕಟ್ಟಿದ್ದು. ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಸೀಳಿನಲ್ಲಿರೋ ಹರಳು ಬಹುಶಃ ಕ್ಯಾಲ್ಸೈಟ್. ಅದು ಯಾವ ಕಾಲದಲ್ಲಾದರೂ ಕೂತಿರಬಹುದು.

ಆದರೆ ಒಂದು ಮಾತು ನೆನಪಿಡಿ. ಬ್ಲಾಸ್ಟ್ ಆದಾಗ ಒಳಗೆ ಟೊಳ್ಳು ಜಾಗ ತೆರೆದುಕೊಂಡು, ಚಾವಣಿಯಿಂದ ಇಳಿಬಿದ್ದ ಕಲ್ಲು, ನೆಲದಿಂದ ಎದ್ದ ಮೋಟು ಕಂಬ ಕಂಡರೆ, ಒಡೆಯುವ ಮೊದಲು ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ ಇಡಿ. ಎಲ್ಲಿ, ನೆಲದಿಂದ ಎಷ್ಟು ಆಳದಲ್ಲಿ ಅಂತ ಬರೆದು ಯಾವುದಾದರೂ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಮುಟ್ಟಿಸಿ. ಬಯಲುಸೀಮೆಯ ಹಿಂಗಾರಿ ಮಳೆ ಹೇಳುವ ಒಂದು ಕಲ್ಲು ಸಿಕ್ಕರೆ ಡೋಣಿ ಕಾಕಾನ ತಕರಾರಿಗೆ ಆಗ ನಿಜವಾದ ಉತ್ತರ ಸಿಗುತ್ತೆ.

ಡೋಣಿ ದಂಡೆ | ವಿಜಯಪುರ

ಹಾಗೆ ಹೇಳಿ ಮತ್ತೆ! ತಾಳಿಕೋಟೆ ಕಡೆನೂ ಸುಣ್ಣದಕಲ್ಲು ಇದೆಯಲ್ಲ, ಅಲ್ಲೂ ನೋಡಬೇಕು. ನಮ್ಮ ಬೀಗರ ಊರು ಅಲ್ಲೇ ಹತ್ತಿರ, ಬಾವಿ ತೋಡುವವರನ್ನು ಕೇಳಿಸುತ್ತೇನೆ.

ಕಲ್ಲುಮಣ್ಣು | ಬೆಳಗಾವಿ

ಕೇಳಿಸಿ. ಬಾವಿ ತೋಡುವವರಿಗೆ ಗೊತ್ತಿರುವಷ್ಟು ನೆಲದ ಒಳಗು ಬೇರೆ ಯಾರಿಗೂ ಗೊತ್ತಿರಲ್ಲ. ವಿಜಯಪುರದ ಉಳಿದ ಬಹುಭಾಗ ಕರಿಕಲ್ಲು, ಲಾವಾದಿಂದ ಆದದ್ದು. ಅಲ್ಲಿ ಇಂಥ ಗವಿ ಹುಡುಕಿ ಪ್ರಯೋಜನ ಇಲ್ಲ.

ಬಾದಾಮಿ ಹುಡುಗ | ಬಾದಾಮಿ

ನಮ್ಮ ಬಾದಾಮಿ ಹತ್ತಿರದ ಸಿಡಿಲಫಡಿ ಗುಹೆ? ಅದು ಯಾರೂ ಕೊರೆದದ್ದಲ್ಲ, ತಾನಾಗೇ ಆದದ್ದು. ಆದಿಮಾನವರ ಚಿತ್ರನೂ ಇವೆ.

ಕಲ್ಲುಮಣ್ಣು | ಬೆಳಗಾವಿ

ಅದೂ ಮರಳುಗಲ್ಲೇ ತಮ್ಮಾ. ಚಿತ್ರ ನೋಡೋಕೆ ಹೋಗು, ಮುಟ್ಟಬೇಡ.

ಹುನಗುಂದ ಮೇಷ್ಟ್ರು | ಬಾಗಲಕೋಟೆ

ಎಲ್ಲರಿಗೂ ಧನ್ಯವಾದ. ಹಂಡೆಯ ಚಿಪ್ಪು ಮತ್ತು ಲಿಂಬೆಹುಳಿ ಪ್ರಯೋಗ ಈ ವಾರವೇ ಮಾಡಿಸುತ್ತೇನೆ. ಜೊತೆಗೆ ಮಕ್ಕಳು ತಮ್ಮ ತಮ್ಮ ಅಜ್ಜ ಅಜ್ಜಿಯರಿಂದ 72ರ ಬರದ ಮಾತು ಕೇಳಿ ಬರೆದು ತರಲಿ ಅಂತ ಹೇಳುತ್ತೇನೆ. ಇಳಕಲ್ ಅಕ್ಕಾರೆ, ಆ ಯೋಚನೆ ನಿಮ್ಮದು. ಕಲ್ಲುಮಣ್ಣು ಸರ್, ಒಂದು ಕೊನೆಯ ಪ್ರಶ್ನೆ. ಕಲ್ಲಿನ ವಯಸ್ಸು ತಪ್ಪಾಗಿ ಬರೋ ಸಂಭವ ಇದೆಯಾ? ಹುಡುಗಿ ಅದನ್ನೂ ಕೇಳೇ ಕೇಳುತ್ತಾಳೆ.

ಕಲ್ಲುಮಣ್ಣು | ಬೆಳಗಾವಿ

ಇದೆ. ಹನಿಯ ಜೊತೆ ಮಣ್ಣಿನ ಕಣ ಬಂದರೆ ಅದರಲ್ಲಿ ಮೊದಲೇ ಥೋರಿಯಂ ಇರುತ್ತೆ. ಆಗ ಕಲ್ಲು ಇದ್ದದ್ದಕ್ಕಿಂತ ಹಳೆಯದಾಗಿ ಕಾಣುತ್ತೆ. ಅದಕ್ಕೆ ಶುಭ್ರವಾದ ಪದರ ಆರಿಸುತ್ತಾರೆ, ಮಣ್ಣಿನ ಪಾಲನ್ನು ಲೆಕ್ಕ ಹಾಕಿ ಕಳೆಯುತ್ತಾರೆ. ಒಂದೇ ಗವಿಯ ಎರಡು ಕಲ್ಲು ಹೋಲಿಸಿ ನೋಡುತ್ತಾರೆ, ಎರಡೂ ಒಂದೇ ಏರಿಳಿತ ತೋರಿಸಿದರೆ ನಂಬಿಕೆ ಬರುತ್ತೆ. ಅಷ್ಟಾದರೂ ವಯಸ್ಸಿನಲ್ಲಿ ಸ್ವಲ್ಪ ಹಿಂದೆ ಮುಂದೆ ಇದ್ದೇ ಇರುತ್ತೆ. ಹಾಗಾಗಿ 1876 ಅಂತ ಒಂದೇ ವರ್ಷ ಹಿಡಿದು ಹುಡುಕಬಾರದು, ಆ ಸುತ್ತಿನ ವರ್ಷಗಳನ್ನು ಒಟ್ಟಿಗೆ ನೋಡಬೇಕು.

ಉಳವಿ ಚಕ್ಕಡಿ | ಬೈಲಹೊಂಗಲ

ಸರ್, ಗವಿಯಲ್ಲಿ ಏನು ಮಾಡಬಾರದು ಅನ್ನೋದನ್ನು ನಾಲ್ಕು ಸಾಲಿನಲ್ಲಿ ಬರೆದು ಕೊಡಿ. ಮುಂದಿನ ಜಾತ್ರೆಗೆ ಹೋಗುವ ನಮ್ಮ ಓಣಿಯ ಚಕ್ಕಡಿಗಳಿಗೆಲ್ಲ ಹಂಚುತ್ತೇನೆ.

ಕಲ್ಲುಮಣ್ಣು | ಬೆಳಗಾವಿ

ಬರೆದುಕೊಳ್ಳಿ. ಬ್ಯಾಟರಿ ತನ್ನಿ, ಪಂಜು ಬೇಡ. ಕರ್ಪೂರ, ಊದಿನಕಡ್ಡಿ ಗವಿಯ ಹೊರಗೇ ಬೆಳಗಿ ಕೈ ಮುಗಿಯಿರಿ. ಹನಿ ಬೀಳುತ್ತಿರುವ ಯಾವ ಕಲ್ಲನ್ನೂ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಮುರಿದು ಬಿದ್ದ ತುಂಡು ಕಂಡರೂ ಅಲ್ಲೇ ಬಿಡಿ, ಮುಂದೆ ಯಾರಾದರೂ ಅಧ್ಯಯನಕ್ಕೆ ಬಂದರೆ ಅವರಿಗೆ ಬೇಕಾಗೋದು ಅದೇ ತುಂಡು.

ಉಳವಿ ಚಕ್ಕಡಿ | ಬೈಲಹೊಂಗಲ

ಆಯಿತು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸುತ್ತೇನೆ, ವಯಸ್ಸಾದವರಿಗೂ ಓದೋಕೆ ಬರಲಿ.